ಲೇಸರೋ, ಎಲೆಕ್ಟ್ರಾಲಿಸಿಸೋ? ಮೊದಲು ನಿಮ್ಮ ಕೂದಲನ್ನು ನೋಡಿ

ಬೇಡದ ಕೂದಲು ತೆಗೆಸಬೇಕು ಅಂತ ಕ್ಲಿನಿಕ್ಕಿಗೆ ಹೋದರೆ ಅಲ್ಲಿ ಸಿಗುವ ಉತ್ತರ ಹೆಚ್ಚಾಗಿ ಒಂದೇ: ಲೇಸರ್ ಮಾಡಿಸಿ. ಕೈಕಾಲಿಗೆ, ಕಂಕುಳಿಗೆ ಅದು ಸರಿಯಾದ ಉತ್ತರವೇ. ಆದರೆ ಗದ್ದದ ಮೇಲೆ ನಾಲ್ಕೈದು ಬಿಳಿ ಕೂದಲು ಬಂದಿರುವ ಅಮ್ಮನಿಗೂ ಅದೇ, ಕೆನ್ನೆಯ ಮೇಲೆ ತೆಳ್ಳಗೆ ರೋಮ ಇರುವ ಕಾಲೇಜು ಹುಡುಗಿಗೂ ಅದೇ ಅಂದರೆ ದುಡ್ಡು ದಂಡ. ಅಮ್ಮನ ಕೂದಲಿಗೆ ಲೇಸರ್ ನಾಟುವುದಿಲ್ಲ. ಹುಡುಗಿಗೆ ಇದ್ದದ್ದಕ್ಕಿಂತ ಜಾಸ್ತಿಯೂ ಆಗಬಹುದು.

ಹಾಗಾಗಿ ಲೇಸರ್, ಸೂಜಿಯಿಂದ ವಿದ್ಯುತ್ ಹರಿಸಿ ಒಂದೊಂದೇ ಕೂದಲು ತೆಗೆಯುವ ಎಲೆಕ್ಟ್ರಾಲಿಸಿಸ್, ಈ ಎರಡರಲ್ಲಿ ಯಾವುದು ಒಳ್ಳೆಯದು ಅಂತ ಕೇಳುವುದಕ್ಕಿಂತ ಮುಂಚೆ ಕನ್ನಡಿ ಮುಂದೆ ನಿಂತು ನೋಡಿಕೊಳ್ಳಿ. ಕೂದಲಿನ ಬಣ್ಣ ಏನು? ದಪ್ಪ ಎಷ್ಟು? ಎಷ್ಟು ಜಾಗದಲ್ಲಿದೆ? ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಅದು ಯಾಕೆ ಬಂತು ಅನ್ನುವುದು ಮಾತ್ರ ಕನ್ನಡಿಯಲ್ಲಿ ಕಾಣುವುದಿಲ್ಲ. ಅದನ್ನು ಮುಂದೆ ನೋಡೋಣ.

ಎರಡೂ ಕೆಲಸ ಮಾಡುವ ಬಗೆ

ಲೇಸರ್ ಬೆಳಕು ಹುಡುಕುವುದು ಕಪ್ಪನ್ನು. ಕೂದಲಿಗೆ ಕಪ್ಪು ಬಣ್ಣ ಕೊಡುವ ಮೆಲನಿನ್ ಆ ಬೆಳಕನ್ನು ಹೀರಿಕೊಂಡು ಬಿಸಿಯಾಗುತ್ತದೆ. ಆ ಬಿಸಿ ಬುಡದವರೆಗೆ ಇಳಿದು ಕೂದಲು ಹುಟ್ಟಿಸುವ ಜೀವಕೋಶಗಳನ್ನು ಹಾಳು ಮಾಡುತ್ತದೆ. ಸುತ್ತಲಿನ ಚರ್ಮ ಬಿಟ್ಟು ಬಣ್ಣ ಇರುವ ಕಡೆ ಮಾತ್ರ ಬಿಸಿ ಏರಿಸುವ ಈ ತತ್ವವನ್ನು ಅಮೆರಿಕದ ಚರ್ಮವೈದ್ಯರಾದ ರಾಕ್ಸ್ ಆಂಡರ್ಸನ್ ಮತ್ತು ಜಾನ್ ಪ್ಯಾರಿಷ್ 1983ರಲ್ಲಿ ವಿವರಿಸಿದರು. ಕೂದಲು ತೆಗೆಯುವ ಲೇಸರ್ ಯಂತ್ರಗಳು ಬಳಕೆಗೆ ಬಂದದ್ದು ಅದಾದ ಹತ್ತು ಹನ್ನೆರಡು ವರ್ಷಕ್ಕೆ.

ಎಲೆಕ್ಟ್ರಾಲಿಸಿಸ್ ಇದಕ್ಕಿಂತ ಬಹಳ ಹಳೆಯದು. 1875ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ಕಣ್ಣಿನ ಡಾಕ್ಟರ್ ಚಾರ್ಲ್ಸ್ ಮಿಶೆಲ್, ಒಳಕ್ಕೆ ಬಾಗಿ ಬೆಳೆದು ಕಣ್ಣುಗುಡ್ಡೆಗೆ ಚುಚ್ಚುವ ರೆಪ್ಪೆಗೂದಲನ್ನು ತೆಗೆಯಲು ಈ ದಾರಿ ಹಿಡಿದರು. ಕೂದಲು ಹೊರಬರುವ ರಂಧ್ರದೊಳಕ್ಕೆ ಕೂದಲಿನಷ್ಟೇ ಸಣ್ಣ ಸೂಜಿ ಇಳಿಸಿ ವಿದ್ಯುತ್ ಹರಿಸಿದರು. ಇವತ್ತಿಗೂ ಕ್ರಮ ಅದೇ. ಗ್ಯಾಲ್ವಾನಿಕ್ ಅನ್ನುವ ವಿಧಾನದಲ್ಲಿ ಚರ್ಮದ ಉಪ್ಪು ನೀರಿನಿಂದಲೇ ಸ್ವಲ್ಪ ಕಾಸ್ಟಿಕ್ ಸೋಡಾ ಹುಟ್ಟಿ ಬುಡವನ್ನು ಕರಗಿಸುತ್ತದೆ. ಥರ್ಮಾಲಿಸಿಸ್‌ನಲ್ಲಿ ಬಿಸಿ ಆ ಕೆಲಸ ಮಾಡುತ್ತದೆ. ಎರಡನ್ನೂ ಸೇರಿಸಿದರೆ ಬ್ಲೆಂಡ್. ಗ್ಯಾಲ್ವಾನಿಕ್ ನಿಧಾನ, ಥರ್ಮಾಲಿಸಿಸ್ ವೇಗ. ಮೂರರಲ್ಲಿ ಯಾವುದು ಅನ್ನುವುದಕ್ಕಿಂತ ಸೂಜಿ ಹಿಡಿದವರ ಕೈ ಎಷ್ಟು ಪಳಗಿದೆ ಅನ್ನುವುದೇ ದೊಡ್ಡದು.

ಇಲ್ಲಿ ಗಮನಿಸಬೇಕಾದ್ದು ಇಷ್ಟು. ಎಲೆಕ್ಟ್ರಾಲಿಸಿಸ್‌ಗೆ ಬಣ್ಣದ ಹಂಗಿಲ್ಲ. ಕಪ್ಪು, ಬಿಳಿ, ಕೆಂಚು, ಯಾವ ಕೂದಲಾದರೂ ಸರಿ. ಯಾವ ಬಣ್ಣದ ಚರ್ಮವಾದರೂ ಸರಿ. ಆದರೆ ಒಂದೊಂದೇ ಕೂದಲು. ಲೇಸರ್ ಒಂದು ಸಲ ಮಿಂಚಿದರೆ ಹತ್ತಾರು ಕೂದಲು ಒಟ್ಟಿಗೆ. ಆದರೆ ಕಪ್ಪಿರಬೇಕು.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕೂದಲನ್ನು ಶಾಶ್ವತವಾಗಿ ತೆಗೆಯುತ್ತದೆ ಅಂತ ಹೇಳಿಕೊಳ್ಳಲು ಬಿಟ್ಟಿರುವುದು ಎಲೆಕ್ಟ್ರಾಲಿಸಿಸ್‌ಗೆ. ಲೇಸರ್ ಕಂಪನಿಗಳು ಶಾಶ್ವತವಾಗಿ ಕಡಿಮೆ ಮಾಡುತ್ತದೆ ಅಂತ ಮಾತ್ರ ಹೇಳಬಹುದು. ಲೇಸರ್ ಆದ ಮೇಲೂ ಕೆಲವು ಕೂದಲು ಉಳಿಯುತ್ತವೆ. ಕೆಲವು ತೆಳ್ಳಗಾಗಿ ವರ್ಷದ ಮೇಲೆ ಮತ್ತೆ ಬರುತ್ತವೆ. ‘ನೂರಕ್ಕೆ ನೂರು, ಜೀವನಪೂರ್ತಿ’ ಅಂತ ಬೋರ್ಡ್ ಹಾಕಿದ ಕಡೆ ಒಂದು ಹೆಜ್ಜೆ ಹಿಂದೆ ಸರಿಯಿರಿ.

ಕೈ, ಕಾಲು, ಕಂಕುಳು, ಬೆನ್ನು

ಇಲ್ಲಿ ಜಾಸ್ತಿ ಯೋಚಿಸಬೇಕಾಗಿಲ್ಲ. ಜಾಗ ದೊಡ್ಡದು, ಕೂದಲು ಕಪ್ಪು, ಸಾಕಷ್ಟು ದಪ್ಪ. ಲೇಸರ್ರೇ ಸರಿ. ಕಂಕುಳು ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಅದೇ ಕೆಲಸಕ್ಕೆ ಎಲೆಕ್ಟ್ರಾಲಿಸಿಸ್ ಹಿಡಿದರೆ ಗಂಟೆಗಟ್ಟಲೆ ಕೈ ಎತ್ತಿಕೊಂಡು ಮಲಗಬೇಕು. ವ್ಯಾಕ್ಸಿಂಗ್ ಮಾಡಿಸಿದಾಗಲೆಲ್ಲ ಕೂದಲು ಚರ್ಮದೊಳಗೇ ಸುತ್ತಿಕೊಂಡು ಗುಳ್ಳೆ ಏಳುವವರಿಗಂತೂ ಲೇಸರ್‌ನಿಂದ ನಿಜವಾದ ಆರಾಮ ಸಿಗುತ್ತದೆ. ಶೇವ್ ಮಾಡಿದಾಗ ಕತ್ತಿನ ಮೇಲೆ ಹೀಗೇ ಗುಳ್ಳೆ ಏಳುವ ಗಂಡಸರಿಗೂ ಅಷ್ಟೇ.

ಒಂದು ಸಿಟ್ಟಿಂಗ್‌ಗೆ ಮುಗಿಯುವುದಿಲ್ಲ. ಯಾಕೆಂದರೆ ಎಲ್ಲ ಕೂದಲೂ ಒಂದೇ ಸಲ ಬೆಳೆಯುವುದಿಲ್ಲ. ಕೆಲವು ಬೆಳೆಯುತ್ತಿರುತ್ತವೆ, ಕೆಲವು ಉದುರಲು ಕಾಯುತ್ತಿರುತ್ತವೆ, ಕೆಲವು ರಂಧ್ರಗಳು ಖಾಲಿ ಇರುತ್ತವೆ. ಬೆಳೆಯುವ ಹಂತದಲ್ಲಿರುವ ಕೂದಲಿಗೆ ಮಾತ್ರ ಲೇಸರ್ ಸರಿಯಾಗಿ ತಾಗುತ್ತದೆ. ಅದಕ್ಕೇ 6ರಿಂದ 8 ಸಿಟ್ಟಿಂಗ್, ಮುಖಕ್ಕಾದರೆ 4ರಿಂದ 6 ವಾರಕ್ಕೊಮ್ಮೆ, ಮೈಗಾದರೆ 6ರಿಂದ 8 ವಾರಕ್ಕೊಮ್ಮೆ. ಅಂದರೆ ಹೆಚ್ಚು ಕಡಿಮೆ ಒಂದು ವರ್ಷದ ಕೆಲಸ. ಮದುವೆಗೆ ತಿಂಗಳಿರುವಾಗ ಹೋಗಿ ಶುರು ಮಾಡಿದರೆ ಮುಹೂರ್ತದ ಹೊತ್ತಿಗೆ ಒಂದು ಸಿಟ್ಟಿಂಗ್ ಆಗಿರುತ್ತದೆ, ಅಷ್ಟೇ.

ಮುಖ: ಇಲ್ಲಿ ನಿಲ್ಲಿ, ಯೋಚಿಸಿ

ಮುಖದ ಕೂದಲೆಲ್ಲ ಒಂದೇ ಥರ ಅಲ್ಲ. ಗದ್ದದ ಮೇಲೆ, ಗದ್ದದ ಕೆಳಗೆ ಒರಟಾಗಿ, ಕಪ್ಪಾಗಿ ಬಂದಿದ್ದರೆ, ಬೆರಳಿಂದ ಸವರಿದಾಗ ಚುಚ್ಚಿದರೆ, ಅವು ತುಂಬಾ ಇದ್ದರೆ, ಲೇಸರ್ ಕೆಲಸ ಮಾಡುತ್ತದೆ. ಎಣಿಸಿ ಹತ್ತೋ ಹದಿನೈದೋ ಇದ್ದರೆ ನಾನು ಎಲೆಕ್ಟ್ರಾಲಿಸಿಸ್ ಕಡೆಗೇ ಕೈ ತೋರಿಸುತ್ತೇನೆ. ಹದಿನೈದು ಕೂದಲಿಗೋಸ್ಕರ ಇಡೀ ಗದ್ದಕ್ಕೆ ಬೆಳಕು ಹಾಯಿಸುವ ಅಗತ್ಯ ಇಲ್ಲ, ಅಲ್ವಾ?

ಕೆನ್ನೆಯ ಪಕ್ಕ, ಕಿವಿಯ ಮುಂದೆ, ದವಡೆಯ ಅಂಚಿನಲ್ಲಿ ಇರುವ ತೆಳು ರೋಮದ ಕಥೆ ಬೇರೆ. ಅದರಲ್ಲಿ ಬಣ್ಣ ಕಡಿಮೆ, ದಪ್ಪ ಇಲ್ಲ. ಲೇಸರ್‌ಗೆ ಹಿಡಿಯಲು ಏನೂ ಇಲ್ಲ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಕೆಲವರಲ್ಲಿ ಲೇಸರ್ ಆದ ಮೇಲೆ ಅದೇ ಜಾಗದಲ್ಲಿ ಅಥವಾ ಅದರ ಅಂಚಿನಲ್ಲಿ ರೋಮ ದಪ್ಪಗಾಗಿ, ಕಪ್ಪಾಗಿ ಬೆಳೆಯುತ್ತದೆ. ಬುಡವನ್ನು ಸುಡಲು ಸಾಲದ ಬಿಸಿ, ಮಲಗಿದ್ದ ಬುಡವನ್ನು ಎಬ್ಬಿಸುತ್ತದೆ ಅನ್ನುವುದು ಚರ್ಮವೈದ್ಯರ ಊಹೆ. ಇದು ಎಲ್ಲರಿಗೂ ಆಗುವುದಿಲ್ಲ. ಆದರೆ ಹೆಚ್ಚಾಗಿ ಕಾಣಿಸಿಕೊಳ್ಳುವುದು ಮುಖ ಮತ್ತು ಕತ್ತಿನ ಮೇಲೆ, ಕಂದು ಮೈಬಣ್ಣದ ಹೆಂಗಸರಲ್ಲಿ, ಹಾರ್ಮೋನ್ ಏರುಪೇರು ಇರುವವರಲ್ಲಿ. ಅಂದರೆ ನಮ್ಮಂಥವರಲ್ಲೇ. ‘ಫುಲ್ ಫೇಸ್ ಲೇಸರ್’ ಅಂತ ಪ್ಯಾಕೇಜ್ ಕೊಟ್ಟಾಗ ಕೆನ್ನೆಯ ರೋಮಕ್ಕೂ ಹೊಡೆಯುತ್ತೀರಾ ಅಂತ ಕೇಳಿ. ಹೌದು ಅಂದರೆ ಬೇಡ ಅನ್ನಿ. ಗದ್ದ, ಮೇಲ್ತುಟಿ ಮಾತ್ರ ಸಾಕು ಅಂತ ಧೈರ್ಯವಾಗಿ ಹೇಳಿ.

ಆ ತೆಳು ರೋಮವನ್ನು ಎಲೆಕ್ಟ್ರಾಲಿಸಿಸ್‌ನಿಂದ ತೆಗೆಯಬಹುದು. ಆದರೆ ನೂರಾರು ಇರುತ್ತವೆ, ಮುಗಿಯುವುದೇ ಇಲ್ಲ ಅನ್ನಿಸುತ್ತದೆ. ನನ್ನ ಮಟ್ಟಿಗೆ, ಅದನ್ನು ಹಾಗೇ ಬಿಡುವುದು ಅಥವಾ ಮುಖದ ರೇಜರ್‌ನಿಂದ ಸವರಿಕೊಳ್ಳುವುದೇ ಒಳ್ಳೆಯದು.

ಹುಬ್ಬಿನ ಕೆಳಗೆ, ಕಣ್ಣಿನ ಸುತ್ತ ಲೇಸರ್ ಬೇಡವೇ ಬೇಡ. ಕಣ್ಣಿಗೆ ಅಪಾಯ. ಹುಬ್ಬಿನ ಆಕಾರ ತಿದ್ದಲು ಎಲೆಕ್ಟ್ರಾಲಿಸಿಸ್ ಆಗುತ್ತದೆ. ಆದರೆ ಒಂದು ಸಲ ಹೋದ ಹುಬ್ಬು ವಾಪಸ್ ಬರುವುದಿಲ್ಲ, ತೆಳು ಹುಬ್ಬಿನ ಫ್ಯಾಷನ್ ನಂಬಿ ಹೋಗಬೇಡಿ. ಮಚ್ಚೆಯ ಮೇಲಿನ ಕೂದಲಿಗೂ ಲೇಸರ್ ಹಾಯಿಸಬಾರದು. ಮಚ್ಚೆಯನ್ನು ಚರ್ಮವೈದ್ಯರು ನೋಡಿ ಸರಿ ಅಂದಮೇಲೆ ಸೂಜಿ.

ಯಾಕೆ ಬಂತು?

ಗದ್ದದ ಮೇಲೆ ಒರಟು ಕೂದಲು, ಜೊತೆಗೆ ಮುಟ್ಟು ಏರುಪೇರು, ಮೊಡವೆ, ತಲೆಕೂದಲು ತೆಳ್ಳಗಾಗುವುದು ಇದ್ದರೆ ಪಿಸಿಒಡಿ, ಅಂದರೆ ಅಂಡಾಶಯಕ್ಕೆ ಸಂಬಂಧಿಸಿದ ಹಾರ್ಮೋನ್ ತೊಂದರೆ ಇರಬಹುದು. ಒಳಗೆ ಹಾರ್ಮೋನ್ ಹೊಸ ಹೊಸ ಕೂದಲನ್ನು ಎಬ್ಬಿಸುತ್ತಿರುವಾಗ ಹೊರಗೆ ನೀವು ಯಾವುದನ್ನು ಮಾಡಿಸಿದರೂ ಕೆಲಸ ಪೂರ್ತಿಯಾಗುವುದಿಲ್ಲ. ಮನೆಯ ನಲ್ಲಿ ನಿಲ್ಲಿಸದೆ ನೆಲ ಒರೆಸುತ್ತಾ ಕೂತ ಹಾಗೆ. ಸತ್ತ ಬುಡ ಸತ್ತಿರುತ್ತದೆ ನಿಜ. ಪಕ್ಕದ್ದು ಏಳುತ್ತದೆ. ಜನ ಆಗ ‘ಲೇಸರ್ ಫೇಲಾಯ್ತು’ ಅಂತ ಅಂದುಕೊಳ್ಳುತ್ತಾರೆ.

ಅದಕ್ಕೇ ಪ್ಯಾಕೇಜ್‌ಗೆ ದುಡ್ಡು ಕಟ್ಟುವ ಮುಂಚೆ ಸ್ತ್ರೀರೋಗ ತಜ್ಞರನ್ನೋ ಹಾರ್ಮೋನ್ ಡಾಕ್ಟರನ್ನೋ ನೋಡಿ. ಟೆಸ್ಟೋಸ್ಟೆರಾನ್, ಥೈರಾಯ್ಡ್, ಪ್ರೊಲ್ಯಾಕ್ಟಿನ್ ಇಂಥ ರಕ್ತ ಪರೀಕ್ಷೆ ಬರೆಯುತ್ತಾರೆ. ಮಾತ್ರೆ ಕೊಟ್ಟರೆ ಕೂದಲಿನ ಮೇಲೆ ಫಲ ಕಾಣಲು ಆರು ತಿಂಗಳಾದರೂ ಬೇಕು, ಬೇಗ ಬಿಟ್ಟುಬಿಡಬೇಡಿ. ಮಗು ಬೇಕು ಅನ್ನುವ ಯೋಚನೆ ಇದ್ದರೆ ಮೊದಲೇ ಹೇಳಿ. ಕೂದಲು ಕಡಿಮೆ ಮಾಡುವ ಕೆಲವು ಮಾತ್ರೆಗಳನ್ನು ಆಗ ತೆಗೆದುಕೊಳ್ಳುವಂತಿಲ್ಲ. ಮಾತ್ರೆ ಮತ್ತು ಲೇಸರ್ ಜೊತೆಜೊತೆಗೇ ನಡೆಯಬಹುದು, ಒಂದು ಮುಗಿಯಲಿ ಅಂತ ಇನ್ನೊಂದು ಕಾಯಬೇಕಿಲ್ಲ.

ಕೆಲವೇ ತಿಂಗಳಲ್ಲಿ ಕೂದಲು ಏಕಾಏಕಿ ಜಾಸ್ತಿಯಾಗಿ, ಧ್ವನಿಯೂ ಒಡೆದು ದಪ್ಪಗಾದರೆ ಕ್ಲಿನಿಕ್ ಎಲ್ಲ ಆಮೇಲೆ. ಮೊದಲು ಆಸ್ಪತ್ರೆ.

ಇನ್ನೊಂದು ಕಾರಣ ನಮ್ಮ ಕಡೆ ತುಂಬಾ ಸಾಮಾನ್ಯ, ಯಾರೂ ಹೇಳುವುದಿಲ್ಲ. ಬಿಳಿಯಾಗಲು ಅಂತ ಮೆಡಿಕಲ್ ಶಾಪಿನಿಂದ ಸುಮ್ನೆ ತಂದು ಹಚ್ಚುವ ಎಷ್ಟೋ ಕ್ರೀಮುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಮುಖ ಕೆಂಪಾಗಿ, ಚರ್ಮ ತೆಳ್ಳಗಾಗಿ, ರೋಮ ಬೆಳೆಯುತ್ತದೆ. ಅಂಥ ಚರ್ಮದ ಮೇಲೆ ಲೇಸರ್ ಹೊಡೆಸಿದರೆ ಸುಡುವುದು ಬೇಗ. ಏನು ಹಚ್ಚುತ್ತಿದ್ದೀರಿ ಅಂತ ಟ್ಯೂಬ್ ಸಮೇತ ತೋರಿಸಿ.

ಕಪ್ಪಿರುವಾಗಲೇ ಲೇಸರ್

ಲೇಸರ್‌ಗೆ ಒಂದು ವಯಸ್ಸಿದೆ. ಕೂದಲು ಕಪ್ಪಿರುವವರೆಗೆ. ನಲವತ್ತು ನಲವತ್ತೈದರ ಆಚೆ, ಮುಟ್ಟು ನಿಲ್ಲುವ ಕಾಲಕ್ಕೆ ಗದ್ದದ ಮೇಲೆ ಹೊಸದಾಗಿ ಕೂದಲು ಬರುತ್ತದೆ, ಹಳೆಯವು ಒಂದೊಂದಾಗಿ ಬೆಳ್ಳಗಾಗುತ್ತವೆ. ಮಕ್ಕಳ ಓದು, ಮನೆ ಖರ್ಚು ಮುಗಿದ ಮೇಲೆ ನೋಡೋಣ ಅಂತ ಮುಂದೂಡಿದವರು ಹೋಗುವ ಹೊತ್ತಿಗೆ ಅರ್ಧ ಬಿಳಿಯಾಗಿರುತ್ತದೆ. ಆ ಅರ್ಧಕ್ಕೆ ಸೂಜಿಯೊಂದೇ ದಾರಿ. ಬಣ್ಣ ಹಚ್ಚಿ ಕಪ್ಪು ಮಾಡಿ ಲೇಸರ್ ಮಾಡುತ್ತೇವೆ ಅಂದರೆ ನಂಬಬೇಡಿ, ಬಣ್ಣ ಬುಡದವರೆಗೆ ಇಳಿಯುವುದಿಲ್ಲ. ಮುಖಕ್ಕೆ ಬ್ಲೀಚ್ ಮಾಡಿಸುವ ಅಭ್ಯಾಸ ಇದ್ದರೆ ಲೇಸರ್‌ಗೆ ಮುಂಚೆ ಅದನ್ನೂ ನಿಲ್ಲಿಸಿ.

ತುಂಬಾ ಕೂದಲಿದ್ದರೆ ನಾನು ಹೇಳುವ ಕ್ರಮ ಇದು: ಮೊದಲು ಲೇಸರ್‌ನಿಂದ ಕಪ್ಪು, ದಪ್ಪ ಕೂದಲಿನ ಗುಂಪನ್ನು ಕರಗಿಸಿ. ಉಳಿದ ಬಿಳಿ, ತೆಳು, ಹಠಮಾರಿ ಕೂದಲನ್ನು ಎಲೆಕ್ಟ್ರಾಲಿಸಿಸ್‌ಗೆ ಬಿಡಿ. ಟ್ರಾನ್ಸ್ ಮಹಿಳೆಯರ ಗಡ್ಡಕ್ಕೂ ಇದೇ ಕ್ರಮ ಅನುಕೂಲ. ಈಸ್ಟ್ರೋಜನ್ ತೆಗೆದುಕೊಂಡರೆ ಮೈಮೇಲಿನ ಕೂದಲು ತೆಳ್ಳಗಾಗುತ್ತದೆ, ಆದರೆ ಒಮ್ಮೆ ಬಂದ ಗಡ್ಡ ಹೋಗುವುದಿಲ್ಲ. ಪೂರ್ತಿ ಗಡ್ಡವನ್ನು ಸೂಜಿಯಿಂದಲೇ ತೆಗೆಯಲು ಹೊರಟರೆ ನೂರು ಗಂಟೆ ದಾಟುವುದು ಸಾಮಾನ್ಯ, ವರ್ಷಗಳು ಹಿಡಿಯುತ್ತವೆ. ಲೇಸರ್ ಮೊದಲು ಆದರೆ ಸೂಜಿಯ ಕೆಲಸ ಬಹಳ ಇಳಿಯುತ್ತದೆ. ಶಸ್ತ್ರಚಿಕಿತ್ಸೆಯ ಯೋಚನೆ ಇರುವವರು ಯಾವ ಜಾಗದ ಕೂದಲು, ಎಷ್ಟು ಮುಂಚೆ ತೆಗೆಸಿರಬೇಕು ಅಂತ ಸರ್ಜನ್ ಹತ್ತಿರವೇ ಕೇಳಿಕೊಳ್ಳಿ.

ಮಂಚದ ಮೇಲೆ ಏನಾಗುತ್ತದೆ

ಲೇಸರ್‌ಗೆ ಮೊದಲು ಆ ಜಾಗ ಶೇವ್ ಮಾಡಿರಬೇಕು. ಕಣ್ಣಿಗೆ ಕಪ್ಪು ಕನ್ನಡಕ ಹಾಕುತ್ತಾರೆ. ತಣ್ಣನೆಯ ಜೆಲ್ ಹಚ್ಚಿ ಯಂತ್ರದ ತುದಿ ಒತ್ತುತ್ತಾರೆ. ರಬ್ಬರ್ ಬ್ಯಾಂಡ್‌ನಿಂದ ಚಟ್ ಅಂತ ಹೊಡೆದ ಹಾಗೆ, ಅದರ ಹಿಂದೆಯೇ ಸ್ವಲ್ಪ ಬಿಸಿ. ಕೂದಲು ಸುಟ್ಟ ವಾಸನೆ ಬರುತ್ತದೆ, ಹೆದರಬೇಡಿ. ಮುಗಿದ ಕೆಲವೇ ನಿಮಿಷಕ್ಕೆ ಒಂದೊಂದು ಕೂದಲಿನ ಸುತ್ತ ಸಣ್ಣ ಕೆಂಪು ಉಬ್ಬು ಕಾಣುತ್ತದೆ. ಬೆಳಕು ಬುಡಕ್ಕೆ ತಾಗಿದೆ ಅನ್ನುವುದಕ್ಕೆ ಅದೇ ಗುರುತು, ಸಂಜೆಗೋ ಮಾರನೇ ದಿನಕ್ಕೋ ಇಳಿಯುತ್ತದೆ. ಮುಂದಿನ ಎರಡು ಮೂರು ವಾರ ಕೂದಲು ಮತ್ತೆ ಬೆಳೆಯುತ್ತಿದೆ ಅನ್ನಿಸುತ್ತದೆ. ಬೆಳೆಯುತ್ತಿಲ್ಲ, ಸತ್ತ ಕೂದಲು ಹೊರಗೆ ಬೀಳುತ್ತಿದೆ.

ಎಲೆಕ್ಟ್ರಾಲಿಸಿಸ್‌ನಲ್ಲಿ ದೊಡ್ಡ ಮಸೂರದ ದೀಪದ ಕೆಳಗೆ ಮಲಗುತ್ತೀರಿ. ಗ್ಯಾಲ್ವಾನಿಕ್ ಆದರೆ ನಿಮ್ಮ ಕೈಗೆ ಒಂದು ಲೋಹದ ಕಡ್ಡಿ ಕೊಡುತ್ತಾರೆ. ಸೂಜಿ ಕೂದಲಿನ ಪಕ್ಕದಿಂದಲೇ ಒಳಗೆ ಜಾರುತ್ತದೆ. ಸರಿಯಾಗಿ ಇಳಿಸಿದರೆ ಇಳಿದದ್ದೇ ಗೊತ್ತಾಗುವುದಿಲ್ಲ. ಚುಚ್ಚಿದ ಹಾಗೆ ಅನ್ನಿಸಿದರೆ ಸೂಜಿ ರಂಧ್ರದ ದಾರಿ ಬಿಟ್ಟಿದೆ ಅಂತ ಅರ್ಥ. ಆಮೇಲೆ ವಿದ್ಯುತ್, ಚುರುಕ್ ಅನ್ನುತ್ತದೆ, ಮೇಲ್ತುಟಿಯಲ್ಲಾದರೆ ಕಣ್ಣಲ್ಲಿ ನೀರು ಬರುತ್ತದೆ. ನಂತರ ಚಿಮಟದಿಂದ ಕೂದಲನ್ನು ಎತ್ತುತ್ತಾರೆ. ಇಲ್ಲಿ ಚೆನ್ನಾಗಿ ಗಮನ ಕೊಡಿ. ಬುಡ ಸತ್ತಿದ್ದರೆ ಕೂದಲು ಬೆಣ್ಣೆಯಂತೆ ನುಣ್ಣಗೆ ಹೊರಗೆ ಬರುತ್ತದೆ. ಕಿತ್ತ ಹಾಗೆ ಎಳೆತ ಆದರೆ ಅದು ಬರೀ ಪ್ಲಕ್ಕಿಂಗ್. ಒಂದೆರಡು ಆದರೆ ಪರವಾಗಿಲ್ಲ. ಪ್ರತಿ ಕೂದಲೂ ಹಾಗೇ ಎಳೆದರೆ ತಡೆದು ಹೇಳಿ, ಹಾಗೂ ಸರಿಯಾಗದಿದ್ದರೆ ಬೇರೆ ಕಡೆ ಹೋಗಿ.

ಆಮೇಲೆ ಸಣ್ಣ ಸಣ್ಣ ಹಕ್ಕಳೆ ಕಟ್ಟುತ್ತದೆ. ಕೈ ಹಚ್ಚಿ ಕೀಳಬೇಡಿ. ನಮ್ಮ ಚರ್ಮದಲ್ಲಿ ಕಿತ್ತ ಹಕ್ಕಳೆ ಕಪ್ಪು ಚುಕ್ಕೆಯಾಗಿ ತಿಂಗಳುಗಟ್ಟಲೆ ಉಳಿಯುತ್ತದೆ. ಸೂಜಿ ಹೊಸದೇ ಆಗಿರಬೇಕು, ನಿಮ್ಮ ಕಣ್ಣೆದುರೇ ಪ್ಯಾಕೆಟ್ ಒಡೆಯಬೇಕು. ಬಳಸಿದ ಸೂಜಿಯಿಂದ ಹೆಪಟೈಟಿಸ್‌ನಂಥ ಸೋಂಕು ಬರಬಹುದು, ಇದರಲ್ಲಿ ಮುಲಾಜು ಬೇಡ. ಪೇಸ್‌ಮೇಕರ್ ಇರುವವರಿಗೆ ಎಲೆಕ್ಟ್ರಾಲಿಸಿಸ್ ಸಲ್ಲದು. ಗಾಯ ಆರಿದ ಮೇಲೆ ಗಂಟುಗಂಟಾಗಿ ಬೆಳೆಯುವ ಮೈ ಇದ್ದರೆ ಎರಡರಲ್ಲೂ ಮೊದಲೇ ಹೇಳಬೇಕು. ಬಸುರಿಯಲ್ಲಿ ಹೆಚ್ಚಿನ ವೈದ್ಯರು ಎರಡನ್ನೂ ಮುಂದಕ್ಕೆ ಹಾಕುತ್ತಾರೆ.

ಮರಗಟ್ಟಿಸುವ ಕ್ರೀಮ್ ಬಗ್ಗೆ ಒಂದು ಮಾತು, ದಯವಿಟ್ಟು ಹಗುರವಾಗಿ ತಗೋಬೇಡಿ. ಅಮೆರಿಕದಲ್ಲಿ 22 ಮತ್ತು 25 ವರ್ಷದ ಇಬ್ಬರು ಹೆಣ್ಣುಮಕ್ಕಳು ಲೇಸರ್‌ಗೆ ಮುಂಚೆ ಕಾಲಿಗೆಲ್ಲ ಈ ಕ್ರೀಮ್ ಹಚ್ಚಿ, ಪ್ಲಾಸ್ಟಿಕ್ ಸುತ್ತಿಕೊಂಡು, ಫಿಟ್ಸ್ ಬಂದು ಕೋಮಾಕ್ಕೆ ಹೋಗಿ ತೀರಿಕೊಂಡರು. 2007ರಲ್ಲಿ ಎಫ್‌ಡಿಎ ಇದರ ಬಗ್ಗೆಯೇ ಎಚ್ಚರಿಕೆ ಹೊರಡಿಸಿತು. ಮೇಲ್ತುಟಿಯಷ್ಟು ಜಾಗಕ್ಕೆ, ಡಾಕ್ಟರ್ ಹೇಳಿದಷ್ಟು ಹಚ್ಚಬಹುದು. ಎರಡೂ ಕಾಲಿಗೆ ಬಳಿದುಕೊಂಡು ಪ್ಲಾಸ್ಟಿಕ್ ಸುತ್ತುವುದು ಬೇಡ.

ನಮ್ಮ ಮೈಬಣ್ಣಕ್ಕೆ ಯಾವ ಲೇಸರ್

ಲೇಸರ್ ಕಪ್ಪನ್ನು ಹುಡುಕುತ್ತದೆ ಅಂದೆನಲ್ಲ, ಚರ್ಮದಲ್ಲೂ ಅದೇ ಮೆಲನಿನ್ ಇದೆ. ಯಂತ್ರ ಅಥವಾ ಅಳತೆ ತಪ್ಪಿದರೆ ಕೂದಲಿನ ಬದಲು ಚರ್ಮ ಸುಡುತ್ತದೆ. ತರಂಗಾಂತರ, ಅಂದರೆ ಬೆಳಕಿನ ಅಲೆಯ ಅಳತೆ, ಉದ್ದವಾದಷ್ಟೂ ಬೆಳಕು ಮೇಲಿನ ಚರ್ಮವನ್ನು ದಾಟಿ ಆಳಕ್ಕೆ ಹೋಗುತ್ತದೆ. 755 ನ್ಯಾನೋಮೀಟರಿನ ಅಲೆಕ್ಸಾಂಡ್ರೈಟ್ ಲೇಸರ್ ಬೆಳ್ಳಗಿನ ಮೈಯವರಿಗೆ ಒಗ್ಗುತ್ತದೆ. 810ರ ಆಸುಪಾಸಿನ ಡಯೋಡ್ ಗೋಧಿ ಬಣ್ಣ, ಕಂದು ಬಣ್ಣದವರಿಗೆ ಆಗುತ್ತದೆ. 1064ರ ಎನ್‌ಡಿ-ಯಾಗ್ ಕಪ್ಪು ಮೈಯವರಿಗೆ ಎಲ್ಲಕ್ಕಿಂತ ಸುರಕ್ಷಿತ, ಆದರೆ ತೆಳು ಕೂದಲಿನ ಮೇಲೆ ಅದರ ಪ್ರಭಾವ ಕಡಿಮೆ. ಯಂತ್ರದ ಹೆಸರು ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳಬಾರದು. ಬೇಜಾರು ಮಾಡಿಕೊಳ್ಳುವ ಕಡೆ ಮಾಡಿಸಬೇಡಿ. ಐಪಿಎಲ್ ಅನ್ನುವುದು ಲೇಸರ್ ಅಲ್ಲ, ಹಲವು ತರಂಗಗಳ ಬೆಳಕು. ಮನೆಯಲ್ಲಿ ಬಳಸುವ ಯಂತ್ರಗಳು ಹೆಚ್ಚಾಗಿ ಅದೇ. ಕಪ್ಪು ಮೈಬಣ್ಣಕ್ಕೆ ಅವು ಆಗುವುದಿಲ್ಲ ಅಂತ ಡಬ್ಬದ ಮೇಲೇ ಬಣ್ಣದ ಪಟ್ಟಿ ಹಾಕಿರುತ್ತಾರೆ, ನೋಡಿ.

ಮೊದಲ ದಿನ ಪುಟ್ಟ ಜಾಗದಲ್ಲಿ ಟೆಸ್ಟ್ ಪ್ಯಾಚ್ ಮಾಡಿ, ಕೆಲವು ದಿನ ಬಿಟ್ಟು ಚರ್ಮ ನೋಡಿ ಮುಂದುವರಿಯುವ ಡಾಕ್ಟರನ್ನು ಹಿಡಿಯಿರಿ. ಊರ ಜಾತ್ರೆಯಲ್ಲಿ, ತೋಟದಲ್ಲಿ, ಗೋವಾದಲ್ಲಿ ಬಿಸಿಲಿಗೆ ಮೈ ಕಪ್ಪಾಗಿದ್ದರೆ ಆ ಸಿಟ್ಟಿಂಗ್ ಮುಂದೂಡಿ. ಸನ್‌ಸ್ಕ್ರೀನ್ ಬಿಡಬೇಡಿ.

ಇನ್ನು ಥ್ರೆಡ್ಡಿಂಗ್. ಲೇಸರ್‌ಗೆ ನಾಲ್ಕು ವಾರ ಮುಂಚಿನಿಂದ ಥ್ರೆಡ್ಡಿಂಗ್, ವ್ಯಾಕ್ಸಿಂಗ್, ಪ್ಲಕ್ಕಿಂಗ್ ಎಲ್ಲ ಬಂದ್. ಬುಡ ಕಿತ್ತರೆ ಬೆಳಕಿಗೆ ಹಿಡಿಯಲು ಏನು ಉಳಿಯುತ್ತದೆ? ಶೇವ್ ಮಾತ್ರ ಮಾಡಬಹುದು. ಎಲೆಕ್ಟ್ರಾಲಿಸಿಸ್‌ಗೆ ಇದರ ಉಲ್ಟಾ. ಚಿಮಟಕ್ಕೆ ಸಿಗುವಷ್ಟು ಕೂದಲು ಹೊರಗೆ ಇರಬೇಕು. ಅಂದರೆ ಎರಡು ಮೂರು ದಿನ ಗದ್ದದ ಕೂದಲು ಕಾಣುವ ಹಾಗೆ ಓಡಾಡಬೇಕು. ಆಫೀಸಿಗೆ ಹೋಗುವವರಿಗೆ ಇದೇ ದೊಡ್ಡ ಸಂಕಟ. ಸೋಮವಾರ ಬೆಳಗ್ಗೆ ಸಿಟ್ಟಿಂಗ್ ಹಾಕಿಸಿಕೊಂಡರೆ ಶನಿವಾರ ಭಾನುವಾರ ಮನೆಯಲ್ಲೇ ಕಳೆಯುತ್ತದೆ.

ದುಡ್ಡಿನ ಲೆಕ್ಕ

ಲೇಸರ್‌ಗೆ ಜಾಗದ ಮೇಲೆ, ಸಿಟ್ಟಿಂಗ್ ಲೆಕ್ಕದಲ್ಲಿ ಹಣ. ಎಲೆಕ್ಟ್ರಾಲಿಸಿಸ್‌ಗೆ ಸಮಯದ ಮೇಲೆ ಅಥವಾ ಕೂದಲಿನ ಲೆಕ್ಕದಲ್ಲಿ. ದರ ಊರಿಂದ ಊರಿಗೆ ಬೇರೆ. ಲೆಕ್ಕದ ದಾರಿ ತಿಳಿಯಲು ಸುಮ್ನೆ ಒಂದು ದರ ಹಿಡಿಯೋಣ. ಗದ್ದಕ್ಕೆ ಒಂದು ಲೇಸರ್ ಸಿಟ್ಟಿಂಗ್ 2,000 ರೂಪಾಯಿ ಅಂದರೆ 8 ಸಿಟ್ಟಿಂಗ್‌ಗೆ 16,000. ಹಾರ್ಮೋನ್ ತೊಂದರೆ ಇದ್ದವರು ಮುಂದಿನ ನಾಲ್ಕು ವರ್ಷ ವರ್ಷಕ್ಕೆ ಎರಡು ಸಲ ಹೋದರೆ ಇನ್ನೊಂದು 16,000. ಒಟ್ಟು 32,000. ಅದೇ ಗದ್ದದಲ್ಲಿ ಇಪ್ಪತ್ತು ಮೂವತ್ತು ಕೂದಲಷ್ಟೇ ಇದ್ದು, ಕಾಲು ಗಂಟೆಯ ಎಲೆಕ್ಟ್ರಾಲಿಸಿಸ್‌ಗೆ 800 ರೂಪಾಯಿ ಅಂದುಕೊಳ್ಳಿ. ಮೊದಲ ಆರು ತಿಂಗಳು ಎರಡು ವಾರಕ್ಕೊಮ್ಮೆ, ಆಮೇಲೆ ಒಂದು ವರ್ಷ ತಿಂಗಳಿಗೊಮ್ಮೆ ಹೋದರೆ 25 ಸಲ, 20,000. ಕಾಲಿನ ಲೆಕ್ಕ ಹೀಗೆ ಹಾಕಿದರೆ ಎಲೆಕ್ಟ್ರಾಲಿಸಿಸ್ ಎಲ್ಲಿಗೋ ಹೋಗುತ್ತದೆ. ನಿಮ್ಮ ಊರಿನ ದರ ಕೇಳಿಕೊಂಡು ಐದು ವರ್ಷದ ಖರ್ಚು ಹಾಕಿ ನೋಡಿ. ಪ್ಯಾಕೇಜ್ ಪೂರ್ತಿ ಹಣ ಮೊದಲ ದಿನವೇ ಕಟ್ಟಬೇಡಿ. ಎರಡು ಸಿಟ್ಟಿಂಗ್ ಆಗಲಿ, ಚರ್ಮ ಹೇಗೆ ತಡೆದುಕೊಳ್ಳುತ್ತದೆ ನೋಡಿ ಕಟ್ಟಿ.

ಎಲೆಕ್ಟ್ರಾಲಿಸಿಸ್ ಎಲ್ಲಿ ಸಿಗುತ್ತದೆ ಅನ್ನುವುದೇ ನಮ್ಮಲ್ಲಿ ನಿಜವಾದ ತೊಡಕು. ಲೇಸರ್ ಇರುವಷ್ಟು ಕಡೆ ಅದು ಇಲ್ಲ. ಕೈ ಪಳಗಿದವರು ಕಡಿಮೆ. ಚರ್ಮವೈದ್ಯರ ಹತ್ತಿರವೇ ಕೇಳಿ. ಬಿಳಿ ಕೂದಲಿಗೆ ಅಂತ ಕೆಲವರು ಯಂತ್ರ ಇಟ್ಟುಕೊಂಡಿರುತ್ತಾರೆ, ಬೋರ್ಡ್ ಮೇಲೆ ಬರೆದಿರುವುದಿಲ್ಲ. ದೊಡ್ಡ ಊರಿಗೆ ಎರಡು ವಾರಕ್ಕೊಮ್ಮೆ ಬಸ್ ಹತ್ತಲು ಆಗದವರು ತಿಂಗಳಿಗೊಮ್ಮೆ ಹೋಗಿ ಹೆಚ್ಚು ಹೊತ್ತು ಮಾಡಿಸಿಕೊಳ್ಳಬಹುದು, ನಿಧಾನವಾದರೂ ಕೆಲಸ ಆಗುತ್ತದೆ.

ಎರಡೂ ಈಗ ಆಗುವುದಿಲ್ಲ ಅನ್ನಿಸಿದರೆ ಅದಕ್ಕಾಗಿ ಕೊರಗಬೇಡಿ. ಥ್ರೆಡ್ಡಿಂಗ್ ಇದೆ, ರೇಜರ್ ಇದೆ. ಶೇವ್ ಮಾಡಿದರೆ ಕೂದಲು ದಪ್ಪಗಾಗುತ್ತದೆ ಅಂತ ಅಜ್ಜಿ ಕಾಲದಿಂದ ಹೆದರಿಸಿದ್ದಾರೆ. ದಪ್ಪಗಾಗುವುದಿಲ್ಲ. ಕೂದಲಿನ ಚೂಪು ತುದಿ ಕತ್ತರಿಸಿ ಮೊಂಡಾಗುವುದರಿಂದ ಒರಟಾಗಿ ಕೈಗೆ ತಾಗುತ್ತದೆ. ಬ್ಲೇಡು ಚರ್ಮದ ಮೇಲೆ ಓಡುತ್ತದೆ, ಕೂದಲು ಹುಟ್ಟುವ ಬುಡ ಚರ್ಮದ ಒಳಗಿದೆ.